ಚೀಲ ಹೊತ್ತ ಶರೀರ ಮತ್ತು ಲಿಂಗಪೂಜೆ

ಕರಾವಳಿಯ ನಾವುಂದ ಗ್ರಾಮವನ್ನು ನಮ್ಮ ಓದುಗರಲ್ಲಿ ಅನೇಕರು ಬಸ್ಸಿನ ಕಿಟಕಿಯಿಂದಲಾದರೂ ಕಂಡಿರಬಹುದು. ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ ಇರುವ ಮರವಂತೆಯನ್ನು ದಾಟಿ ಹೆದ್ದಾರಿಯಲ್ಲಿ ಉತ್ತರಕ್ಕೆ ಸಾಗಿದರೆ ಸಿಗುವ ಊರು ಅದು. ಹಿಂದೆ ಕುಂದಾಪುರ ತಾಲ್ಲೂಕಿಗೆ ಸೇರಿದ್ದು, 2018ರಿಂದೀಚೆಗೆ ಬೈಂದೂರು ತಾಲ್ಲೂಕಿನಲ್ಲಿದೆ. ಕೆಳದಿಯ ಅರಸರು ಈ ಸೀಮೆಯನ್ನು ಆಳುತ್ತಿದ್ದ ಕಾಲದಲ್ಲಿ, ಅಂದರೆ 1763ರಲ್ಲಿ ಬಿದನೂರು ಹೈದರಾಲಿಯ ವಶವಾಗುವವರೆಗೆ, ಘಟ್ಟದ ಕೆಳಗೂ ವೀರಶೈವ ಮಠಗಳು, ಮನೆತನಗಳು ನೆಲೆಗೊಂಡಿದ್ದವು. ಈಗ ಅಲ್ಲಿ ನಮ್ಮ ಸಮಾಜದ ಮನೆಗಳು ವಿರಳ. ಆದುದರಿಂದ ಆ ಕಡೆ ಹೋದಾಗಲೆಲ್ಲ ಇರುವ ಮನೆಗಳಿಗೆ ಹೋಗಿ ಕುಶಲ ವಿಚಾರಿಸಿ ಬರುವುದು ನಮ್ಮ ವಾಡಿಕೆ.

ಹೀಗೆ ಹೋದ ಒಂದು ಮನೆಯಲ್ಲಿ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಮನೆಯ ಯಜಮಾನರು ಅರವತ್ತು ದಾಟಿದವರು, ನಿಷ್ಠಾವಂತ ಲಿಂಗಭಕ್ತರು. ನಾವು ಹೋದ ಸಂಜೆ ಮನೆಮಂದಿಯೆಲ್ಲ ಕೈಕಾಲು ತೊಳೆದು ವಿಭೂತಿ ಧರಿಸಿ ಪೂಜೆಗೆ ಕುಳಿತರು. ಯಜಮಾನರು ಮಾತ್ರ ಹೊರಗಿನ ಜಗಲಿಯ ಮೂಲೆಯಲ್ಲಿ ಕುಳಿತೇ ಇದ್ದರು. ಊಟಕ್ಕೆ ಕರೆದಾಗಲೂ ಅವರ ತಟ್ಟೆಯನ್ನು ಬೇರೆಯಾಗಿ ಇಡಲಾಯಿತು. ಹಾಗೆ ಇಡಬೇಕೆಂದು ಅವರೇ ಹಟ ಹಿಡಿದಿದ್ದರಂತೆ. ಊಟವಾದ ಮೇಲೆ ನಮ್ಮ ಬಳಿಗೆ ಬಂದು ದೂರದಲ್ಲೇ ನಿಂತು ಕೇಳಿದರು: “ಗುರುಗಳೇ, ನಾಲ್ಕು ತಿಂಗಳ ಹಿಂದೆ ನನ್ನ ಮೂತ್ರಕೋಶವನ್ನು ತೆಗೆದಿದ್ದಾರೆ. ಹೊಟ್ಟೆಯ ಮೇಲೆ ಚೀಲ ಅಂಟಿಸಿದ್ದಾರೆ. ಹಗಲೂ ರಾತ್ರಿ ಮೂತ್ರ ಅದರಲ್ಲಿ ಇಳಿಯುತ್ತಲೇ ಇರುತ್ತದೆ. ಈ ಮೈಲಿಗೆಯನ್ನು ಹೊತ್ತುಕೊಂಡು ನಾನು ಲಿಂಗವನ್ನು ಮುಟ್ಟಬಹುದೇ?”

ಆ ಪ್ರಶ್ನೆ ನಮ್ಮನ್ನು ಕಲಕಿತು. ಕಾರಣವನ್ನು ಮುಚ್ಚಿಡುವುದು ಸರಿಯಲ್ಲ. ಬಹಳ ವರ್ಷಗಳ ಹಿಂದೆ, ಬೇರೊಂದು ಊರಿನಲ್ಲಿ, ಇಂಥದೇ ಶಸ್ತ್ರಚಿಕಿತ್ಸೆಯಾಗಿದ್ದ ವೃದ್ಧೆಯೊಬ್ಬರು ಇದೇ ಪ್ರಶ್ನೆಯನ್ನು ನಮಗೆ ಕೇಳಿದ್ದರು. ಅವರ ವ್ಯಾಧಿಯ ಸ್ವರೂಪವನ್ನು ವಿಚಾರಿಸುವ ವ್ಯವಧಾನವಿಲ್ಲದೆ, “ಗುಣವಾಗಿ ಶರೀರ ಶುದ್ಧವಾಗಲಿ ತಾಯಿ, ಆಮೇಲೆ ಪೂಜೆ ಮಾಡುವಿರಂತೆ” ಎಂದುಬಿಟ್ಟೆವು. ಆ ಚೀಲ ಆಮರಣಾಂತ ಇರುವಂಥದು ಎಂಬುದು ನಮಗೆ ತಿಳಿದಿರಲಿಲ್ಲ. ಆ ತಾಯಿ ನಮ್ಮ ಮಾತನ್ನು ಶಿರಸಾವಹಿಸಿ, ಶುದ್ಧವಾಗುವ ದಿನವನ್ನು ಕಾಯುತ್ತಲೇ, ಪೂಜೆಯಿಲ್ಲದೆಯೇ ಲಿಂಗೈಕ್ಯರಾದರೆಂದು ಅನಂತರ ತಿಳಿಯಿತು. ಶಾಸ್ತ್ರ ಓದಿದವನ ಅವಸರದ ಒಂದು ಮಾತು ಭಕ್ತರೊಬ್ಬರಿಂದ ಏನನ್ನು ಕಸಿದುಕೊಳ್ಳಬಲ್ಲದೆಂಬುದನ್ನು ಅಂದು ಕಲಿತೆವು. ಆ ಬಳಿಕ ಬಲ್ಲ ವೈದ್ಯರನ್ನು ಕೇಳಿ ಈ ವಿಷಯವನ್ನು ತಿಳಿದುಕೊಂಡೆವು. ನಮ್ಮ ಮನೆಗಳಲ್ಲಿ ಇಂಥ ರೋಗಿಗಳು ಇದ್ದರೂ ಸಂಕೋಚದಿಂದ ಹೇಳಿಕೊಳ್ಳುವುದಿಲ್ಲವಾದ್ದರಿಂದ ಇಲ್ಲಿ ಬಿಡಿಸಿ ಬರೆಯುತ್ತೇವೆ.

ಶಸ್ತ್ರಚಿಕಿತ್ಸೆ ಎಂದರೇನು?

ಮೂತ್ರಪಿಂಡಗಳು ರಕ್ತವನ್ನು ಸೋಸಿ ಮೂತ್ರವನ್ನು ಬೇರ್ಪಡಿಸುತ್ತವೆ. ಅದು ಎರಡು ಮೂತ್ರನಾಳಗಳ ಮೂಲಕ ಕೆಳಗಿಳಿದು ಮೂತ್ರಕೋಶದಲ್ಲಿ ಶೇಖರವಾಗುತ್ತದೆ. ಈ ಕೋಶದ ಮಾಂಸಲ ಗೋಡೆಯೊಳಕ್ಕೆ ಅರ್ಬುದರೋಗ, ಅಂದರೆ ಕ್ಯಾನ್ಸರ್, ಬೇರೂರಿದಾಗ ಕೋಶವನ್ನೇ ತೆಗೆಯಬೇಕಾಗಬಹುದು. ಪುರುಷರಲ್ಲಿ ಸಾಮಾನ್ಯವಾಗಿ ಪ್ರಾಸ್ಟೇಟ್ ಗ್ರಂಥಿಯನ್ನೂ, ಸ್ತ್ರೀಯರಲ್ಲಿ ಅನೇಕ ವೇಳೆ ಗರ್ಭಕೋಶವನ್ನೂ ಜೊತೆಗೆ ತೆಗೆಯುತ್ತಾರೆ. ಮೂತ್ರಕೋಶವನ್ನು ಸಂಪೂರ್ಣವಾಗಿ ತೆಗೆಯುವ ಸಾಹಸವನ್ನು 1887ರಲ್ಲಿ ಜರ್ಮನಿಯ ಬಾರ್ಡನ್‌ಹಾಯರ್ ಎಂಬ ವೈದ್ಯನು ಮೊದಲಿಗೆ ಮಾಡಿದನು. ಆದರೆ ಕೋಶವನ್ನು ತೆಗೆದ ಮೇಲೆ ಮೂತ್ರಕ್ಕೆ ದಾರಿ ಯಾವುದು? ಆ ರೋಗಿ ಬಹುದಿನ ಉಳಿಯಲಿಲ್ಲ.

ಈ ಸಮಸ್ಯೆಗೆ ಬಹುಕಾಲ ನಿಲ್ಲುವಂಥ ಪರಿಹಾರವನ್ನು 1950ರಲ್ಲಿ ಅಮೆರಿಕದ ಯೂಜೀನ್ ಬ್ರಿಕರ್ ಎಂಬ ಶಸ್ತ್ರವೈದ್ಯರು ಪ್ರಚಾರಕ್ಕೆ ತಂದರು. ಸಣ್ಣ ಕರುಳಿನ ಕೊನೆಯ ಭಾಗದಿಂದ ಸುಮಾರು 15ರಿಂದ 20 ಸೆಂಟಿಮೀಟರ್ ಉದ್ದದ ತುಂಡೊಂದನ್ನು ರಕ್ತಸಂಚಾರ ಕೆಡದಂತೆ ಬೇರ್ಪಡಿಸಿ, ಉಳಿದ ಕರುಳನ್ನು ಮತ್ತೆ ಜೋಡಿಸುತ್ತಾರೆ. ಬೇರ್ಪಡಿಸಿದ ತುಂಡಿನ ಒಂದು ತುದಿಗೆ ಮೂತ್ರನಾಳಗಳನ್ನು ಹೊಲಿದು, ಇನ್ನೊಂದು ತುದಿಯನ್ನು ಹೊಟ್ಟೆಯ ಬಲಭಾಗದಲ್ಲಿ ಹೊರಕ್ಕೆ ತಂದು ಮೊಗ್ಗಿನಂತೆ ಮಡಿಸಿ ಹೊಲಿಯುತ್ತಾರೆ. ಇದಕ್ಕೆ ಸ್ಟೋಮಾ ಎಂದು ಹೆಸರು. ಇದರ ಮೇಲೆ ಚೀಲವನ್ನು ಅಂಟಿಸಲಾಗುತ್ತದೆ. ಇಂದಿಗೂ ಹೆಚ್ಚು ಬಳಕೆಯಲ್ಲಿರುವುದು ಈ ಕ್ರಮವೇ. ಕೆಲವರಿಗೆ ಇನ್ನೂ ಉದ್ದದ ಕರುಳಿನಿಂದ ಒಳಗೇ ಹೊಸ ಕೋಶವನ್ನು ಹೊಲಿದು ಸಹಜ ಮಾರ್ಗಕ್ಕೇ ಜೋಡಿಸುತ್ತಾರೆ. ಅಂಥವರಿಗೆ ಚೀಲ ಬೇಕಿಲ್ಲ. ಯಾರಿಗೆ ಯಾವುದು ತಕ್ಕದ್ದೆಂಬುದನ್ನು ರೋಗದ ವ್ಯಾಪ್ತಿ, ಮೂತ್ರಪಿಂಡದ ಶಕ್ತಿಗಳನ್ನು ನೋಡಿ ವೈದ್ಯರೇ ನಿರ್ಧರಿಸಬೇಕು.

ಮೊದಲ ಮೂರು ತಿಂಗಳು

ಇದು ದೊಡ್ಡ ಶಸ್ತ್ರಚಿಕಿತ್ಸೆ. ಆಸ್ಪತ್ರೆಯಲ್ಲಿ ಒಂದೆರಡು ವಾರ ಇರಬೇಕಾಗುತ್ತದೆ. ಕರುಳನ್ನು ಕತ್ತರಿಸಿ ಜೋಡಿಸಿರುವುದರಿಂದ ಅದು ಕೆಲವು ದಿನ ಸ್ತಬ್ಧವಾಗಿರುತ್ತದೆ. ಹೊಟ್ಟೆ ಉಬ್ಬರಿಸುತ್ತದೆ, ಹಸಿವಾಗುವುದಿಲ್ಲ. ವಾಯು ಹೊರಟಿತೆಂದರೆ ಕರುಳು ಎಚ್ಚತ್ತಿತೆಂದು ಅರ್ಥ. “ಇಷ್ಟು ದೊಡ್ಡ ಗಾಯ, ಅಲುಗಾಡಬೇಡಿ” ಎಂದು ರೋಗಿಯನ್ನು ಮಲಗಿಸಿಯೇ ಇಡುವುದು ಬಂಧುಗಳ ಪ್ರೀತಿಯ ತಪ್ಪು. ವೈದ್ಯರು ಹೇಳಿದ ದಿನದಿಂದಲೇ, ಸಾಮಾನ್ಯವಾಗಿ ಮರುದಿನದಿಂದಲೇ, ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಬೇಕು. ದೀರ್ಘವಾಗಿ ಉಸಿರೆಳೆಯುವ ಅಭ್ಯಾಸ ಮಾಡಿಸಬೇಕು. ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟದಿರಲು, ಶ್ವಾಸಕೋಶದಲ್ಲಿ ಕಫ ನಿಲ್ಲದಿರಲು ಇದೇ ಮದ್ದು. ಹೆಪ್ಪುಗಟ್ಟುವುದನ್ನು ತಡೆಯುವ ಚುಚ್ಚುಮದ್ದನ್ನು ಮನೆಗೆ ಬಂದ ಮೇಲೂ ಕೆಲವು ವಾರ ಮುಂದುವರಿಸುವಂತೆ ಹೇಳಿದ್ದರೆ ತಪ್ಪಿಸಬಾರದು.

ಮನೆಗೆ ಬಂದ ಮೇಲೆ ಆಹಾರವನ್ನು ಸ್ವಲ್ಪಸ್ವಲ್ಪವಾಗಿ ದಿನಕ್ಕೆ ಐದಾರು ಬಾರಿ ಕೊಡಬೇಕು. ಕರಾವಳಿಯವರ ಕುಚ್ಚಲಕ್ಕಿ ಗಂಜಿಯಾಗಲಿ ನಮ್ಮ ಬಯಲುಸೀಮೆಯವರ ಮೆತ್ತನೆಯ ಅನ್ನ, ಹೆಸರುಬೇಳೆಯ ಸಾರಾಗಲಿ ಆರಂಭಕ್ಕೆ ಹಿತ. ಆರರಿಂದ ಎಂಟು ವಾರ ನಾಲ್ಕೈದು ಕಿಲೋಗಿಂತ ಭಾರವಾದುದನ್ನು ಎತ್ತಬಾರದು. ತುಂಬಿದ ಕೊಡ, ಗ್ಯಾಸ್ ಸಿಲಿಂಡರು, ಅಕ್ಕಿಯ ಮೂಟೆಗಳ ತಂಟೆಗೆ ಹೋಗಲೇಬಾರದು. ಹೋದರೆ ಸ್ಟೋಮಾದ ಪಕ್ಕದಲ್ಲಿ ಕರುಳು ಉಬ್ಬಿ ಹರ್ನಿಯಾ ಆಗುವ ಭಯವಿದೆ. ಆಯಾಸವು ಎರಡು ಮೂರು ತಿಂಗಳಾದರೂ ಕಾಡುತ್ತದೆ. ಅದು ಸೋಮಾರಿತನವಲ್ಲ; ದೇಹವು ಒಳಗೆ ದುಡಿಯುತ್ತಿರುವ ಲಕ್ಷಣ.

ಚೀಲದ ವಿಚಾರ

ಸ್ಟೋಮಾ ಎಂಬುದು ಗಾಯವಲ್ಲ. ಬಾಯಿಯ ಒಳಭಾಗದಂತೆ ಕೆಂಪಾಗಿ, ತೇವವಾಗಿ ಇರುವ ಆರೋಗ್ಯವಂತ ಕರುಳು. ಮುಟ್ಟಿದರೆ ಅದಕ್ಕೆ ನೋವು ತಿಳಿಯದು. ಒರೆಸುವಾಗ ತುಸು ರಕ್ತ ಜಿನುಗಿದರೆ ಗಾಬರಿಯಾಗಬೇಕಿಲ್ಲ. ಮೂತ್ರದಲ್ಲಿ ಬಿಳಿಯ ಲೋಳೆ ಕಂಡರೂ ಸೋಂಕೆಂದು ಹೆದರಬೇಕಿಲ್ಲ. ಕರುಳು ತನ್ನ ಸ್ವಭಾವದಂತೆ ಲೋಳೆಯನ್ನು ಸ್ರವಿಸುತ್ತಲೇ ಇರುತ್ತದೆ. ಮೊದಲ ಆರೆಂಟು ವಾರಗಳಲ್ಲಿ ಸ್ಟೋಮಾ ಕುಗ್ಗುವುದರಿಂದ ಆಗಾಗ ಅಳತೆ ತೆಗೆದು, ಅದಕ್ಕಿಂತ ಎರಡು ಮೂರು ಮಿಲಿಮೀಟರ್ ಮಾತ್ರ ದೊಡ್ಡದಾಗಿ ಅಂಟುಫಲಕದ ರಂಧ್ರವನ್ನು ಕತ್ತರಿಸಬೇಕು. ರಂಧ್ರ ಅಗಲವಾದರೆ ಮೂತ್ರ ತಗಲಿ ಸುತ್ತಲಿನ ಚರ್ಮ ಸುಡುತ್ತದೆ.

ಚೀಲವು ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ತುಂಬಿದಾಗ ಕೆಳಗಿನ ನಲ್ಲಿಯಿಂದ ಖಾಲಿಮಾಡಬೇಕು. ತುಂಬಿ ಭಾರವಾದರೆ ಅಂಟು ಬಿಡುತ್ತದೆ. ರಾತ್ರಿ ದೊಡ್ಡ ಚೀಲವೊಂದನ್ನು ಕೊಳವೆಯಿಂದ ಜೋಡಿಸಿ ಮಂಚದ ಪಕ್ಕದಲ್ಲಿ ತೂಗುಹಾಕಿದರೆ ನಿದ್ರೆಗೆ ಭಂಗವಿಲ್ಲ. ಮೈಗೆ ಅಂಟಿಸಿದ ಚೀಲವನ್ನು ಸಾಮಾನ್ಯವಾಗಿ ಮೂರರಿಂದ ಐದು ದಿನಕ್ಕೊಮ್ಮೆ ಬದಲಿಸುತ್ತಾರೆ. ಕರಾವಳಿಯ ಬೆವರಿಗೆ ಅಂಟು ಬೇಗ ಸಡಿಲುವುದುಂಟು. ಅಲ್ಲಿಯವರು ಬೇಸಿಗೆಯಲ್ಲಿ ಇನ್ನೂ ಬೇಗ ಬದಲಿಸಬೇಕಾದೀತು. ಬದಲಿಸಲು ಪ್ರಶಸ್ತವಾದ ಸಮಯ ಮುಂಜಾನೆ, ನೀರು ಕುಡಿಯುವ ಮೊದಲು. ಆಗ ಮೂತ್ರದ ಹರಿವು ಕಡಿಮೆಯಿರುತ್ತದೆ. ಬರಿಯ ನೀರಿನಿಂದ ತೊಳೆದು ಚೆನ್ನಾಗಿ ಒಣಗಿಸಿ ಅಂಟಿಸಬೇಕು. ಎಣ್ಣೆ, ಪೌಡರು, ವಿಭೂತಿ ಇವು ಆ ಜಾಗಕ್ಕೆ ತಗಲಬಾರದು. ತಗಲಿದರೆ ಅಂಟು ಹಿಡಿಯದು.

ನಾವುಂದದ ಸುತ್ತಿನ ತಗ್ಗು ಪ್ರದೇಶಗಳಿಗೆ ಮಳೆಗಾಲದಲ್ಲಿ ಸೌಪರ್ಣಿಕೆಯ ನೆರೆ ನುಗ್ಗುವುದುಂಟು. ಇಂಥ ಕಡೆ ಇರುವವರು ಒಂದು ತಿಂಗಳಿಗಾಗುವಷ್ಟು ಚೀಲಗಳನ್ನು ಜಲನಿರೋಧಕ ಡಬ್ಬಿಯಲ್ಲಿ ಮೊದಲೇ ಇಟ್ಟುಕೊಳ್ಳುವುದು ಜಾಣತನ. ಪ್ರಯಾಣದಲ್ಲಿಯೂ ಒಂದು ಜೊತೆ ಕೈಚೀಲದಲ್ಲಿರಲಿ.

ಒಳಗೆ ಹೊಸ ಕೋಶವನ್ನು ಮಾಡಿಸಿಕೊಂಡವರ ಸಾಧನೆ ಬೇರೆ. ಕರುಳಿನ ಕೋಶಕ್ಕೆ ತುಂಬಿದ ಅರಿವು ಮೊದಲಿನಂತೆ ಆಗುವುದಿಲ್ಲ. ಗಡಿಯಾರವನ್ನು ನೋಡಿ, ಆರಂಭದಲ್ಲಿ ಎರಡು ಗಂಟೆಗೊಮ್ಮೆ, ಕ್ರಮೇಣ ನಾಲ್ಕು ಗಂಟೆಗೊಮ್ಮೆ, ಕುಳಿತು ಮೂತ್ರ ಮಾಡಬೇಕು. ರಾತ್ರಿಯೂ ಅಲಾರಂ ಇಟ್ಟು ಏಳಬೇಕು. ಕೆಲವು ತಿಂಗಳು ಸೋರುವುದು ಸಹಜ, ರಾತ್ರಿಯಲ್ಲಂತೂ ಇನ್ನೂ ಹೆಚ್ಚು. ಗುದದ ಸುತ್ತಲಿನ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮವನ್ನು ನಿತ್ಯವೂ ಮಾಡಿದರೆ ಹತೋಟಿ ಬರುತ್ತದೆ.

ಮೈಲಿಗೆಯ ಪ್ರಶ್ನೆ

ಈಗ ಯಜಮಾನರ ಪ್ರಶ್ನೆಗೆ ಬರೋಣ. ಲಿಂಗಧಾರಿಗೆ ಪಂಚಸೂತಕಗಳಿಲ್ಲ ಎಂಬುದು ನಮ್ಮ ಧರ್ಮದ ಬುನಾದಿಯ ಮಾತು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಈ ಐದೂ ಸೂತಕಗಳನ್ನು ಶರಣರು ತಳ್ಳಿಹಾಕಿದರು. ಶರೀರದಿಂದ ಹರಿಯುವ ರಜಸ್ಸನ್ನೇ ಸೂತಕವೆಂದು ಒಪ್ಪದ ಧರ್ಮವು ಮೂತ್ರವನ್ನು ಮಾತ್ರ ಸೂತಕವೆಂದು ಹೇಗೆ ಹೇಳೀತು? ನಾವು ಯಜಮಾನರನ್ನು ಕೇಳಿದೆವು: “ಶಸ್ತ್ರಚಿಕಿತ್ಸೆಗೆ ಮೊದಲು ಪೂಜೆ ಮಾಡುತ್ತಿದ್ದಿರಲ್ಲ, ಆಗ ನಿಮ್ಮ ಮೂತ್ರ ಎಲ್ಲಿತ್ತು?” ಅವರು ಸುಮ್ಮನಾದರು. ಅದು ನಾಭಿಯ ಕೆಳಗೆ ಒಂದು ಚೀಲದಲ್ಲೇ ಇತ್ತು. ಚರ್ಮದ ಒಳಗಿತ್ತು, ಅಷ್ಟೇ. ಈಗ ಚರ್ಮದ ಹೊರಗಿದೆ. ಒಳಗಿದ್ದಾಗ ಲಿಂಗಕ್ಕೆ ಅಡ್ಡಿಯಾಗದುದು ಹೊರಗೆ ಬಂದಾಗ ಅಡ್ಡಿಯಾಗುವುದೆಂದರೆ, ನಾವು ಮೈಲಿಗೆ ಎನ್ನುತ್ತಿರುವುದು ಕಣ್ಣಿಗೆ ಕಾಣುವುದನ್ನು ಮಾತ್ರ ಎಂದಾಯಿತು.

ಹಾಗೆಂದು ಶುಚಿತ್ವವೇ ಬೇಡವೆಂದಲ್ಲ. ಚೀಲವನ್ನು ಖಾಲಿಮಾಡಿ, ಕೈತೊಳೆದು, ಸ್ನಾನ ಮಾಡಿ ಪೂಜೆಗೆ ಕೂರುವುದು ಎಲ್ಲರಂತೆ ಅವರಿಗೂ ವಿಹಿತ. ಪೂಜೆಯ ನಡುವೆ ನಾಲ್ಕು ಹನಿ ಚೀಲಕ್ಕಿಳಿದರೆ ಪೂಜೆ ಕೆಡುವುದಿಲ್ಲ. ಶುಚಿತ್ವ ಕೈಯಲ್ಲಿದೆ, ಸೂತಕ ಮನಸ್ಸಿನಲ್ಲಿದೆ. ಮೊದಲನೆಯದನ್ನು ಪಾಲಿಸಬೇಕು, ಎರಡನೆಯದನ್ನು ಬಿಡಬೇಕು.

ಆಚರಣೆಗೆ ಸಂಬಂಧಿಸಿ ಕೆಲವು ಸೂಚನೆಗಳನ್ನು ಕೊಡುತ್ತೇವೆ. ಶಸ್ತ್ರಚಿಕಿತ್ಸೆಗೆ ಮುನ್ನ ಸ್ಟೋಮಾದ ಸ್ಥಳವನ್ನು ಶಾಯಿಯಿಂದ ಗುರುತಿಸುತ್ತಾರೆ. ಆಗ ಪಂಚೆಯ ಗಂಟು, ಸೀರೆಯ ನೆರಿಗೆ, ಉಡಿದಾರಗಳು ಎಲ್ಲಿ ಬರುತ್ತವೆ ಎಂಬುದನ್ನು ಕುಳಿತೂ ನಿಂತೂ ತೋರಿಸಿ ಹೇಳಿರಿ. ಶಸ್ತ್ರಕ್ರಿಯೆಯ ಕೊಠಡಿಯಲ್ಲಿ ವಿದ್ಯುತ್ ಉಪಕರಣಗಳನ್ನು ಬಳಸುವುದರಿಂದ ಲೋಹದ ಕರಡಿಗೆಗೆ ಒಪ್ಪುವುದಿಲ್ಲ. ಬಟ್ಟೆಯಲ್ಲಿ ಕಟ್ಟಿದ ಲಿಂಗವನ್ನು ಇಟ್ಟುಕೊಳ್ಳಲು ಸಾಧ್ಯವೇ ಎಂದು ವೈದ್ಯರನ್ನು ವಿನಯದಿಂದ ಕೇಳಬಹುದು. ಒಪ್ಪದಿದ್ದರೆ ಮನೆಯ ಲಿಂಗಧಾರಿಗಳ ಕೈಯಲ್ಲಿಟ್ಟು ಎಚ್ಚರವಾದ ಮೇಲೆ ಧರಿಸಿದರೆ ದೋಷವಿಲ್ಲ. ಲಿಂಗವು ನಾಭಿಗಿಂತ ಕೆಳಗಿಳಿಯಬಾರದೆಂಬ ಸಂಪ್ರದಾಯವಿದೆಯಷ್ಟೆ. ಶಿವದಾರವನ್ನು ಗಿಡ್ಡಮಾಡಿ ಎದೆಯ ಮೇಲೆ ನಿಲ್ಲಿಸಿದರೆ ಸಂಪ್ರದಾಯವೂ ಉಳಿಯಿತು, ಚೀಲಕ್ಕೆ ತಾಗುವುದೂ ತಪ್ಪಿತು. ಪದ್ಮಾಸನ ಕಷ್ಟವಾದರೆ ಕುರ್ಚಿಯ ಮೇಲೆ ಕುಳಿತು ಕರಸ್ಥಲದಲ್ಲಿ ಲಿಂಗವನ್ನಿಟ್ಟು ನೋಡಬಹುದು. ದೃಷ್ಟಿ ನಿಲ್ಲುವುದು ಮುಖ್ಯ, ಕಾಲು ಮಡಿಚುವುದಲ್ಲ.

ಶಿವರಾತ್ರಿಯಂದು ನೀರನ್ನೂ ಬಿಟ್ಟು ಉಪವಾಸ ಮಾಡುವ ಪದ್ಧತಿ ಕೆಲವರಲ್ಲಿದೆ. ಈ ಶಸ್ತ್ರಚಿಕಿತ್ಸೆಯಾದವರಿಗೆ ಅದು ಸಲ್ಲದು. ಮೂತ್ರಪಿಂಡಗಳ ರಕ್ಷಣೆಗಾಗಿ ವೈದ್ಯರು ಬೇರೆ ಹೇಳದಿದ್ದಲ್ಲಿ ದಿನಕ್ಕೆ ಎರಡರಿಂದ ಮೂರು ಲೀಟರ್ ನೀರು ಬೇಕೇಬೇಕು. ಆ ದಿನ ಅವರು ಕುಡಿಯುವ ನೀರು ವ್ರತಭಂಗವಲ್ಲವೆಂದು ನಾವು ಧೈರ್ಯವಾಗಿ ಹೇಳುತ್ತೇವೆ.

ಸಸ್ಯಾಹಾರಿಗಳು ಗಮನಿಸಬೇಕಾದುದು

ನಮ್ಮ ಮನೆಗಳವರು ವಿಶೇಷವಾಗಿ ತಿಳಿಯಬೇಕಾದ ಸಂಗತಿಯೊಂದಿದೆ. ವಿಟಮಿನ್ ಬಿ-12 ಎಂಬ ಸತ್ವವನ್ನು ರಕ್ತಕ್ಕೆ ಹೀರಿಕೊಳ್ಳುವುದು ಸಣ್ಣ ಕರುಳಿನ ಕೊನೆಯ ಭಾಗವೇ. ಕರುಳಿನ ತುಂಡನ್ನು ತೆಗೆಯುವುದೂ ಅದೇ ಪ್ರದೇಶದಿಂದ. ಸಸ್ಯಾಹಾರಿಗಳಿಗೆ ಈ ಸತ್ವ ಮುಖ್ಯವಾಗಿ ಹಾಲು, ಮೊಸರುಗಳಿಂದ ಮಾತ್ರ ದೊರೆಯುತ್ತದೆ. ಹೀಗೆ ಬರುವುದೂ ಕಡಿಮೆ, ಹೀರುವುದೂ ಕಡಿಮೆ ಆಗಬಹುದು. ಯಕೃತ್ತಿನಲ್ಲಿ ಸಂಗ್ರಹವಿರುವುದರಿಂದ ಕೊರತೆ ತಕ್ಷಣ ಕಾಣದೆ ಕೆಲವು ವರ್ಷಗಳ ಮೇಲೆ ಕೈಕಾಲುಗಳ ಜೋಮು, ನಿಶ್ಶಕ್ತಿ, ಮರೆವುಗಳಾಗಿ ತಲೆದೋರುತ್ತದೆ. ವಯಸ್ಸಾಯಿತೆಂದು ಕೈಬಿಡದೆ ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸಬೇಕು. ಬೇಕಾದರೆ ಚುಚ್ಚುಮದ್ದು ಕೊಡುತ್ತಾರೆ. ಮೂತ್ರವು ಕರುಳಿನ ಸಂಪರ್ಕದಲ್ಲಿರುವುದರಿಂದ ರಕ್ತದಲ್ಲಿ ಆಮ್ಲತೆ ಹೆಚ್ಚಿ ಹಸಿವು ಕುಂದುವುದೂ ಉಂಟು. ಇದಕ್ಕೂ ಪರೀಕ್ಷೆ, ಔಷಧಗಳಿವೆ. ಬೊಂಡದ ನೀರು ಒಳ್ಳೆಯದೆಂದು ಕರಾವಳಿಯಲ್ಲಿ ಎಲ್ಲರೂ ಕೊಡುತ್ತಾರೆ. ಮೂತ್ರಪಿಂಡ ದುರ್ಬಲವಾದವರು ಅದರಲ್ಲಿರುವ ಪೊಟಾಸಿಯಂ ಕಾರಣದಿಂದ ವೈದ್ಯರನ್ನು ಕೇಳಿಯೇ ಕುಡಿಯಬೇಕು.

ಚಳಿಜ್ವರ, ಸೊಂಟದ ಮೇಲ್ಭಾಗದ ನೋವು, ಮೂತ್ರ ಇಳಿಯುವುದು ನಿಲ್ಲುವುದು, ಸ್ಟೋಮಾ ಕಪ್ಪಾಗುವುದು, ನಿಲ್ಲದ ವಾಂತಿ, ಒಂದು ಕಾಲಿನ ಊತ, ಉಸಿರುಕಟ್ಟುವಿಕೆ, ಇವುಗಳಲ್ಲಿ ಒಂದು ಕಂಡರೂ ಮನೆಮದ್ದು ಮಾಡುತ್ತ ಕೂರದೆ ಕೂಡಲೆ ಆಸ್ಪತ್ರೆಗೆ ಹೋಗಬೇಕು. ಗುಣವಾದಂತೆ ತೋರಿದರೂ ವೈದ್ಯರು ಹೇಳಿದ ತಿಂಗಳಿಗೆ ಸರಿಯಾಗಿ ತಪಾಸಣೆಗೆ ಹೋಗುವುದನ್ನು ವರ್ಷಗಟ್ಟಲೆ ಬಿಡಬಾರದು.

ರೋಗ ಬಾರದಂತೆ ಎಚ್ಚರಿಕೆಯೂ ಬೇಕು. ಈ ಕ್ಯಾನ್ಸರಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಬೀಡಿ, ಸಿಗರೇಟುಗಳು. ಹೊಗೆಯ ವಿಷ ರಕ್ತದಿಂದ ಸೋಸಿ ಮೂತ್ರಕೋಶದಲ್ಲಿ ನಿಲ್ಲುತ್ತದೆ. ನೋವಿಲ್ಲದೆ ಮೂತ್ರದಲ್ಲಿ ರಕ್ತ ಕಾಣುವುದೇ ಬಹುಮಟ್ಟಿಗೆ ಮೊದಲ ಲಕ್ಷಣ. ಉಷ್ಣವೆಂದು ಭಾವಿಸಿ ಬಾರ್ಲಿ ನೀರು ಕುಡಿದು ಸುಮ್ಮನಾಗುವುದರಿಂದ ಅಮೂಲ್ಯವಾದ ಕಾಲ ಕಳೆದುಹೋಗುತ್ತದೆ. ಒಮ್ಮೆ ಕಂಡು ತಾನಾಗಿ ನಿಂತರೂ ಪರೀಕ್ಷೆ ಮಾಡಿಸಲೇಬೇಕು.

ಮನೆಯವರ ಕಾಯಕ, ಸಮಾಜದ ದಾಸೋಹ

ರೋಗಿಯ ಮೈಗಿಂತ ಮನಸ್ಸು ನಿಧಾನವಾಗಿ ಮಾಯುತ್ತದೆ. ವಾಸನೆ ಬಂದೀತೇ, ಸೋರೀತೇ ಎಂಬ ಅಂಜಿಕೆಯಿಂದ ಮದುವೆ, ಜಾತ್ರೆಗಳಿಗೆ ಹೋಗುವುದನ್ನೇ ಬಿಡುತ್ತಾರೆ. ಸರಿಯಾಗಿ ಅಂಟಿಸಿದ ಚೀಲದಿಂದ ವಾಸನೆ ಬರುವುದಿಲ್ಲ. ಬಟ್ಟೆಯ ಕೆಳಗೆ ಇದೆಯೆಂದೂ ತಿಳಿಯದು. ದಾಂಪತ್ಯದಲ್ಲಿಯೂ ವ್ಯತ್ಯಾಸಗಳಾಗುತ್ತವೆ. ಅದನ್ನು ಗಂಡಹೆಂಡಿರು ಮುಚ್ಚಿಟ್ಟುಕೊಂಡು ಕೊರಗದೆ ತಮ್ಮೊಳಗೆ ಮಾತನಾಡಿಕೊಳ್ಳಬೇಕು, ವೈದ್ಯರಲ್ಲಿ ಹೇಳಿಕೊಳ್ಳಬೇಕು. ಚೀಲ ಬದಲಿಸುವುದನ್ನು ಮನೆಯ ಒಬ್ಬರಾದರೂ ಆಸ್ಪತ್ರೆಯಲ್ಲೇ ಕಲಿಯಬೇಕು. ಆದರೆ ಕಾಲಕ್ರಮದಲ್ಲಿ ರೋಗಿಯೇ ಅದನ್ನು ಮಾಡಿಕೊಳ್ಳುವಂತಾಗಬೇಕು. ಸ್ವಾವಲಂಬನೆಯಿಂದ ಮಾತ್ರ ಧೈರ್ಯ ಮರಳುತ್ತದೆ. ಮಡಿವಾಳ ಮಾಚಿದೇವರು ಶರಣರ ಬಟ್ಟೆಯನ್ನು ಒಗೆದು ಆ ಕಾಯಕದಿಂದಲೇ ಪೂಜ್ಯರಾದರು. ಕೊಳೆಯನ್ನು ಕಳೆಯುವ ಕೈ ಕೊಳೆಯಾಗುವುದಿಲ್ಲ.

ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೆ ಬಡ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯ ನೆರವಿದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1973ರಿಂದ ಬಡವರಿಗೆ ಚಿಕಿತ್ಸೆ ದೊರೆಯುತ್ತಿದೆ. ಕರಾವಳಿಯವರಿಗೆ ಮಣಿಪಾಲ, ಮಂಗಳೂರುಗಳು ಹತ್ತಿರ. ಆದರೆ ಚೀಲಗಳ ವೆಚ್ಚ ಶಸ್ತ್ರಚಿಕಿತ್ಸೆಯೊಂದಿಗೆ ಮುಗಿಯುವುದಿಲ್ಲ. ತಿಂಗಳುತಿಂಗಳೂ ಬರುತ್ತಲೇ ಇರುತ್ತದೆ. ಹಣ ಉಳಿಸಲು ಒಂದೇ ಚೀಲವನ್ನು ಎರಡು ವಾರ ಇಟ್ಟುಕೊಂಡು ಚರ್ಮವನ್ನು ಹುಣ್ಣು ಮಾಡಿಕೊಂಡವರಿದ್ದಾರೆ. ನಮ್ಮ ಮಠಗಳೂ ಸಮಾಜದ ಸಂಘಗಳೂ ದಾಸೋಹದ ನಿಧಿಯಲ್ಲಿ ಒಂದು ಪಾಲನ್ನು ಇದಕ್ಕೆ ತೆಗೆದಿಡಬಾರದೇಕೆ? ನಿಶ್ಚಿತಾರ್ಥ, ಗೃಹಪ್ರವೇಶಗಳಲ್ಲಿ ಒಂದು ಪಂಕ್ತಿಯ ಸಿಹಿಯನ್ನು ಕಡಿಮೆ ಮಾಡಿದರೆ ಒಬ್ಬ ರೋಗಿಗೆ ಕೆಲವು ತಿಂಗಳ ಚೀಲಗಳಾದಾವು. ಅದೂ ಜಂಗಮಸೇವೆಯೇ.

ಆ ರಾತ್ರಿ ನಾವು ಆ ಮನೆಯಲ್ಲೇ ತಂಗಿದೆವು. ಬೆಳಿಗ್ಗೆ ಬೇಗನೆ ಬಚ್ಚಲಿನಲ್ಲಿ ನೀರಿನ ಸಪ್ಪಳ ಕೇಳಿಸಿತು. ಯಜಮಾನರು ಚೀಲ ಬದಲಿಸಿ, ಸ್ನಾನ ಮಾಡಿ, ಹಣೆಗೆ ವಿಭೂತಿ ಧರಿಸಿ ಪೂಜೆಯ ಕೋಣೆಯ ಹೊಸ್ತಿಲಿನಲ್ಲಿ ನಿಂತಿದ್ದರು. ಒಳಗೆ ಕಾಲಿಡಲು ಅವರಿಗಿನ್ನೂ ಅಳುಕು. ಅವರ ಧರ್ಮಪತ್ನಿ ಏನನ್ನೂ ಹೇಳದೆ ಕುರ್ಚಿಯೊಂದನ್ನು ತಂದು ಎಲ್ಲರ ಮಣೆಗಳ ಸಾಲಿನಲ್ಲೇ ಇಟ್ಟರು. ಅವರು ಬಂದು ಕುಳಿತರು. ನಾಲ್ಕು ತಿಂಗಳ ಮೇಲೆ ಅಂಗೈಗೆ ಬಂದ ಲಿಂಗವನ್ನು ನೋಡುತ್ತ ಕೈ ನಡುಗುತ್ತಿತ್ತು. ಆ ದಿನ ಅವರ ತಟ್ಟೆಯೂ ಎಲ್ಲರ ಜೊತೆಯಲ್ಲೇ ಇತ್ತು.

ಆ ವೃದ್ಧ ತಾಯಿಗೆ ನಾವು ಕೊಡಬೇಕಾಗಿದ್ದ ಉತ್ತರ ಇದು. ಅವರಿಗೆ ತಲುಪಲಿಲ್ಲ. ಇಂಥದೇ ಅಳುಕಿನಿಂದ ಯಾವುದೋ ಮನೆಯ ಜಗಲಿಯಲ್ಲಿ ಕುಳಿತಿರುವವರಿಗಾದರೂ ಈ ಬರಹವನ್ನು ಯಾರಾದರೂ ಓದಿ ಹೇಳಿದರೆ ನಮ್ಮ ಋಣ ತುಸುವಾದರೂ ತೀರೀತು.